‘ಠೀಕ್ ಹೂಂ ಸಾಬ್’ ಬಿಡಿಸುವ ಸುಬೇದಾರರು: 5ಕ್ಕೆ 4 ಸ್ಟಾರ್

ನಮ್ಮೆಜಮಾನರು ಸೇನೆಯಲ್ಲಿ ಹವಾಲ್ದಾರರಾಗಿ ರಿಟೈರ್ ಆದವರು. 17 ವರ್ಷ ಸರ್ವಿಸ್, ಅದರಲ್ಲಿ ಎರಡು ಸಲ ಕಾಶ್ಮೀರ. ಪಕ್ಕದ ಕಾಫಿ ತೋಟದಲ್ಲಿ ಆನೆ ಓಡಿಸೋಕೆ ಪಟಾಕಿ ಹೊಡೆದರೆ ಸಾಕು, ಇವರು ಮಂಚದ ಕೆಳಗಿರುತ್ತಾರೆ. ಸೇನೆಯಿಂದ ಬಿಡುಗಡೆಯಾಗುವಾಗ ಡಾಕ್ಟರುಗಳ ಮೆಡಿಕಲ್ ಬೋರ್ಡ್ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಮನಸ್ಸಿಗೆ ಉಳಿಯುವ ಕಾಯಿಲೆ, ಅಂತ ಬರೆಯಿತು. ಅದರ ಮುಂದೆಯೇ, ಇದು ಸರ್ವಿಸ್‌ನಿಂದ ಬಂದದ್ದೂ ಅಲ್ಲ, ಜಾಸ್ತಿ ಆದದ್ದೂ ಅಲ್ಲ ಅಂತಲೂ ಬರೆಯಿತು. ಅಲ್ಲಿಗೆ ಅಂಗವೈಕಲ್ಯ ಪಿಂಚಣಿ ಇಲ್ಲ.

ಅಪೀಲ್ ಹಾಕೋಕೆ, ಮಾಜಿ ಸೈನಿಕರ ಪಿಂಚಣಿ ಕೆಲಸಕ್ಕೆ ನೆರವಾಗುವ ಕುಶಾಲನಗರದ ಈ ಕಚೇರಿಗೆ ಹೋದೆವು. ಕಚೇರಿ ಅನ್ನೋದು ದೊಡ್ಡ ಮಾತಾಯಿತು, ಜೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆ. ನಡೆಸುವವರು ರಿಟೈರ್ ಆದ ಸುಬೇದಾರರು. ಮೊದಲು ತೆಗೆದು ತೋರಿಸಿದ್ದು ಸುಪ್ರೀಂ ಕೋರ್ಟಿನ 2013ರ ಧರ್ಮವೀರ್ ಸಿಂಗ್ ತೀರ್ಪು. ಸೇನೆಗೆ ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ, ಅದು ಸರ್ವಿಸ್‌ನಿಂದಲೇ ಬಂತು ಅಂತ ಹಿಡಿಯಬೇಕು. ಅಲ್ಲ ಅನ್ನುವವರು ಕಾರಣ ಕೊಡಬೇಕು. ಇಷ್ಟು ದಿನ ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ಅಪೀಲಿನ ಮೇಲೆ ಮತ್ತೆ ಬೋರ್ಡ್ ಮುಂದೆ ಕರೆದರು. ಅದಕ್ಕೆ ಸುಬೇದಾರರು ಎರಡು ಶನಿವಾರ ಪ್ರಾಕ್ಟೀಸ್ ಮಾಡಿಸಿದರು. ತಾವೇ ಕರ್ನಲ್ ಡಾಕ್ಟರ್ ಆಗಿ ಕೂತು, “ನಿದ್ದೆ ಬರುತ್ತಾ?” ಅಂದರು.

ಇವರು ಬೆನ್ನು ನೆಟ್ಟಗೆ ಮಾಡಿ, “ಠೀಕ್ ಹೂಂ ಸಾಬ್.”

“ಎಲ್ಲಿ ಠೀಕ್ ಇದ್ದೀಯಪ್ಪ? ಹೀಗಂದ್ರೆ ಅಂಗವೈಕಲ್ಯ ಶೇಕಡಾ 20ಕ್ಕಿಂತ ಕಡಿಮೆ ಅಂತ ಬರೀತಾರೆ, ಪಿಂಚಣಿ ಹೋಯ್ತು. ರಾತ್ರಿ ಎಷ್ಟು ಸಲ ಎದ್ದು ಚಿಲಕ ನೋಡ್ತೀಯ, ಅದನ್ನ ಹೇಳು.”

ಇವರು ನನ್ನ ಮುಖ ನೋಡಿದರು. ರಾತ್ರಿಗೆ ನಾಲ್ಕು ಸಲ. ನಾನು ಎಣಿಸಿದ್ದೆ, ಆದರೆ ನಾವಿಬ್ಬರೂ ಅದನ್ನು ಮಾತಾಡಿರಲೇ ಇಲ್ಲ.

ನನಗೂ ಒಂದು ನೋಟ್‌ಬುಕ್ ಕೊಟ್ಟರು. “ಸಿಟ್ಟು ಜಾಸ್ತಿ ಅಂತ ಬರೀಬೇಡಮ್ಮ, ಯಾವತ್ತು ಏನಾಯ್ತು ಅಂತ ಬರಿ” ಅಂದರು.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಫೋನ್ ಎತ್ತಲ್ಲ. ಎತ್ತೋದೇ ಇಲ್ಲ! ಸುಮ್ನೆ ಎರಡು ಸಲ ಬಸ್ ಚಾರ್ಜ್ ದಂಡ. ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಕಷ್ಟ. ಫೀಸ್ ತಗೊಳ್ಳಲ್ಲ, ಜೆರಾಕ್ಸ್‌ಗೆ 640 ರೂಪಾಯಿ ಆಯಿತು. ಸೇನೆಯವರ ಕೇಸು ನೋಡುವ ಟ್ರಿಬ್ಯೂನಲ್‌ಗೆ ಹೋಗಬೇಕಾಗಿ ಬಂದರೆ ವಕೀಲರನ್ನು ನಾವೇ ಹುಡುಕಿಕೊಳ್ಳಬೇಕು.

ಬೋರ್ಡ್ ದಿನ ಸುಬೇದಾರರೂ ಬೆಂಗಳೂರಿಗೆ ಬಂದರು. ಒಳಗೆ ಬಿಡಲಿಲ್ಲ, ಫ್ಲಾಸ್ಕ್ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಇವರು ಆಚೆ ಬಂದು ಹೇಳಿದ್ದು ಒಂದೇ ಮಾತು: “ಚಿಲಕದ್ದು ಹೇಳ್ದೆ.”

ಫಲಿತಾಂಶ ಇನ್ನೂ ಬಂದಿಲ್ಲ. ಹೋಗುವವರು ಬೆಳಿಗ್ಗೆ 10ರೊಳಗೆ ಹೋಗಿ, ಸೇನೆಯ ಡಿಸ್ಚಾರ್ಜ್ ಬುಕ್ ಒರಿಜಿನಲ್ಲೇ ತಗೊಂಡು ಹೋಗಿ. ಹೆಂಡತಿಯನ್ನೂ ಕರ್ಕೊಂಡು ಹೋಗಿ.