ಭಿಗವಣದ ದೋಣಿ: ಹತ್ತುವ ಮೊದಲು ಅಂಬಿಗನನ್ನು ನೋಡಿ

ಚಳಿ ಶುರುವಾದರೆ ಪುಣೆಯ ನಮ್ಮ ಕನ್ನಡದ ಗೆಳತಿಯರು ಕೇಳುವ ಪ್ರಶ್ನೆ ಒಂದೇ. ಭಿಗವಣದಲ್ಲಿ ಹಕ್ಕಿ ನೋಡಲು ದೋಣಿಗೆ ದುಡ್ಡು ಕೊಡಬೇಕಾ, ದಂಡೆಯಲ್ಲಿ ನಿಂತು ನೋಡಿದರೆ ಸಾಲದಾ? ದೋಣಿ ಬೇಕು. ಆದರೆ ಅಂಬಿಗ ಯಾರು ಅಂತ ನೋಡಿ ಹತ್ತಿ. ನೀರು ಅದೇ, ಹಕ್ಕಿ ಅದೇ, ಬಾಡಿಗೆಯೂ ಅದೇ. ಅಂಬಿಗ ಬದಲಾದರೆ ನೋಡುವುದೆಲ್ಲ ಬದಲಾಗುತ್ತದೆ.

ಜಾಗ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪುಣೆಯಿಂದ ಸೋಲಾಪುರ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಅದರ ಹಿನ್ನೀರು ಇಲ್ಲಿಯವರೆಗೂ ಹರಡಿದೆ. ಕುಂಭಾರಗಾಂವ್, ಡಿಕ್ಸಳ ಅನ್ನುವ ಊರುಗಳ ಮೀನುಗಾರರು ಚಳಿಗಾಲದಲ್ಲಿ ಹಕ್ಕಿ ನೋಡುವವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಉಳಿಯಲು ಮನೆಗಳಿವೆ, ಊಟ ಅಲ್ಲೇ. ನಾನು ಇದೇ ಭೀಮಾ ಕೆಳಗೆ ಹರಿದು ಬರುವ ಅಫಜಲಪುರ ಕಡೆಯವಳು. ನಮ್ಮೂರಲ್ಲಿ ಉಜನಿ ಅಂದರೆ ಮಳೆಗಾಲದ ಗಾಬರಿ, ಮೇಲಿನಿಂದ ಹೊಳೆಗೆ ನೀರು ಬಿಟ್ಟರಂತೆ ಅನ್ನುವ ಸುದ್ದಿ. ಪುಣೆಯ ಹಡಪ್ಸರಕ್ಕೆ ಬಂದ ಮೇಲೆಯೇ ಅದೇ ನೀರಿಗೆ ರಾಜಹಂಸ, ಅಂದರೆ ಫ್ಲೆಮಿಂಗೊ, ಬರುತ್ತದೆ ಅಂತ ಗೊತ್ತಾಗಿದ್ದು.

ಮೊದಲು ಹತ್ತಿದ ದೋಣಿಯ ಕಥೆ ಹೇಳುತ್ತೇನೆ. ಯಾರ ದೋಣಿ ಅಂತ ಬರೆಯುವುದಿಲ್ಲ, ಅಂಥವರು ಅಲ್ಲಿ ಇನ್ನೂ ಇದ್ದಾರೆ. ಹುಡುಗ ಚುರುಕು. ಬೆಳಗಿನ ಆರೂವರೆಗೆ ಮೋಟಾರು ಶುರು ಮಾಡಿ ನೇರ ರಾಜಹಂಸಗಳ ಹಿಂಡಿನ ಕಡೆಗೆ ಬಿಟ್ಟ. ಹಿಂಡು ಕೊಕ್ಕು ತಲೆಕೆಳಗು ಮಾಡಿ ನೀರಿನಲ್ಲಿ ಅದ್ದಿ ಮೇಯುತ್ತಿತ್ತು. ನಾವು ಹತ್ತಿರ ಬಂದ ಹಾಗೆ ಅಂಚಿನ ಹಕ್ಕಿಗಳು ನಡೆಯುತ್ತ ದೂರ ಸರಿದವು. ಆಮೇಲೆ ಒಂದೊಂದೇ ಕತ್ತು ಮೇಲೆದ್ದಿತು. ಎಲ್ಲ ಕತ್ತುಗಳೂ ನೆಟ್ಟಗಾದ ಗಳಿಗೆಗೆ ಅವನು ಮೋಟಾರನ್ನು ಇನ್ನೊಂದು ಸಲ ಜೋರಾಗಿ ತಿರುವಿದ. ಇಡೀ ಹಿಂಡು ಎದ್ದು ಹಾರಿತು.

ಅತ್ತೆ ಜೊತೆಯಲ್ಲಿದ್ದರು. ಅವರಿಗೆ ಹಕ್ಕಿಯ ಹುಚ್ಚು ಇಲ್ಲ, ಭೀಮಾ ನೋಡೋಣ ಅಂತ ಬಂದವರು. "ಉಣ್ಣಾಕ ಕುಂತವ್ರನ್ನ ಹಿಂಗ ಎಬ್ಬಸ್ತಾರೇನವಾ?" ಅಂದರು. ನಾನು ಹುಡುಗನಿಗೆ ಮರಾಠಿಯಲ್ಲಿ ಕೇಳಿದೆ, ಯಾಕಪ್ಪ ಹಾರಿಸಿದೆ ಅಂತ. "ಮ್ಯಾಡಮ್, ಸಗಳ್ಯಾಂನಾ ಫ್ಲಾಯಿಂಗ್ ಶಾಟ್ ಪಾಹಿಜೆ" ಅಂದ. ಎಲ್ಲರಿಗೂ ಹಾರುವ ಫೋಟೋ ಬೇಕಂತೆ.

ಅವನ ಮಾತಿನಲ್ಲಿ ಸುಳ್ಳೇನಿಲ್ಲ. ಭಿಗವಣಕ್ಕೆ ಬರುವುದು ಹೆಚ್ಚಾಗಿ ದೊಡ್ಡ ರಾಜಹಂಸ. ಮುಂಬೈಯ ಠಾಣೆ ಕೊಲ್ಲಿಯಲ್ಲಿ ಗುಂಪುಗುಂಪಾಗಿ ಕಾಣುವುದು ಜಾಸ್ತಿ ಕಿರು ರಾಜಹಂಸ. ಕಿರಿದು ಗಿಡ್ಡ, ಮೈ ಗಾಢ ಗುಲಾಬಿ, ಕೊಕ್ಕು ಕಡುಗೆಂಪು, ದೂರಕ್ಕೆ ಕಪ್ಪಾಗಿಯೇ ಕಾಣುತ್ತದೆ. ದೊಡ್ಡದು ಎತ್ತರ, ಕತ್ತು ಉದ್ದ, ಗುಲಾಬಿ ಕೊಕ್ಕಿಗೆ ತುದಿಯಲ್ಲಿ ಮಾತ್ರ ಕಪ್ಪು. ಮೈ ಬಹುಮಟ್ಟಿಗೆ ಬಿಳಿ. ಕೆಂಪೆಲ್ಲ ರೆಕ್ಕೆಯೊಳಗೆ ಮಡಚಿಕೊಂಡಿರುತ್ತದೆ. ಹಾಗಾಗಿ ಮುಂಬೈ ಫೋಟೋ ನೋಡಿ ಬಂದವರು ಇಲ್ಲಿ "ಅಯ್ಯೋ, ಗುಲಾಬಿನೇ ಇಲ್ಲ" ಅಂತ ಮುಖ ಸಣ್ಣ ಮಾಡುತ್ತಾರೆ. ಅವರನ್ನು ಖುಷಿಪಡಿಸಲು ಅಂಬಿಗ ಹಾರಿಸುತ್ತಾನೆ. ರೆಕ್ಕೆ ಬಿಚ್ಚಿದಾಗ ಕೆಂಪು, ಅಂಚಿಗೆ ಕಪ್ಪು, ಒಂದೇ ಸಲ ಕಾಣುತ್ತದೆ.

ಆದರೆ ಆ ಕೆಂಪು ನೋಡಲು ಹಾರಿಸಬೇಕಾಗಿಲ್ಲ. ಇದು ನನಗೆ ತೋರಿಸಿದ್ದು ಎರಡನೇ ಅಂಬಿಗ. ವಯಸ್ಸಾದವರು, ನಾವು ಕಾಕಾ ಅಂತಲೇ ಕರೆಯುವುದು. ಅವರು ಹಿಂಡು ಇನ್ನೂ ದೂರ ಇರುವಾಗಲೇ ಮೋಟಾರು ನಿಲ್ಲಿಸಿದರು. ಆಮೇಲೆ ಬಿದಿರು ಗಳ ನೂಕುತ್ತ, ನೇರ ಹೋಗದೆ, ಓರೆಯಾಗಿ ಸರಿದರು. ಮೊದಲ ಕತ್ತು ಎದ್ದ ಕೂಡಲೇ ಗಳ ಕೆಸರಿಗೆ ಊರಿ ಕೂತುಬಿಟ್ಟರು. ಎಲೆ ಅಡಿಕೆ ಹಾಕಿಕೊಂಡರು. ಅತ್ತೆಗೂ ಕೊಟ್ಟರು, "ಘ್ಯಾ ಮಾವಶಿ" ಅಂತ. ಸ್ವಲ್ಪ ಹೊತ್ತಿಗೆ ಆ ಕತ್ತು ಮತ್ತೆ ನೀರಿಗೆ ಇಳಿಯಿತು. ಬಿಸಿಲು ಏರಿದ ಮೇಲೆ ಹಕ್ಕಿಗಳು ತಾವೇ ರೆಕ್ಕೆ ಚಾಚಿದವು, ಗರಿ ತಿದ್ದಿಕೊಂಡವು. ಫೆಬ್ರವರಿಯ ಹೊತ್ತಿಗೆ ಗಂಡು ಹೆಣ್ಣು ಗುಂಪಾಗಿ ಕತ್ತು ಎತ್ತಿ ಆಚೆ ಈಚೆ ತಿರುಗಿಸಿ, ಇದ್ದಕ್ಕಿದ್ದಂತೆ ರೆಕ್ಕೆ ಬಿಚ್ಚಿ ತೋರಿಸುವ ಕುಣಿತವೂ ಇರುತ್ತದೆ. ಕಚ್ಛದ ರಣದಲ್ಲಿ ಮೊಟ್ಟೆ ಇಡುವ ಮೊದಲಿನ ತಯಾರಿ ಅದು. ಹಾರಿಸಿದವನ ದೋಣಿಯಲ್ಲಿ ಅರ್ಧ ನಿಮಿಷ ಕಂಡ ಬಣ್ಣ, ಕಾಕಾ ದೋಣಿಯಲ್ಲಿ ಬೆಳಗೆಲ್ಲ ಕಂಡಿತು.

ಹಿಂಡಿನ ನಡುವೆ ಬೂದು ಕಂದು ಬಣ್ಣದ, ಕೊಳಕಾದಂತೆ ಕಾಣುವ ಹಕ್ಕಿಗಳೂ ಇರುತ್ತವೆ. ಬೇರೆ ಜಾತಿ ಅಂದುಕೊಳ್ಳಬೇಡಿ, ಅವು ಮರಿಗಳು. ಗುಲಾಬಿ ಬರುವುದು ತಿನ್ನುವ ಪಾಚಿ ಮತ್ತು ಸಣ್ಣ ಜಲಜೀವಿಗಳಿಂದ. ಪೂರ್ತಿ ಬಣ್ಣ ಹಿಡಿಯಲು ಕೆಲವು ವರ್ಷ ಬೇಕು.

ಕಾಕಾ ಎಲ್ಲ ಹಕ್ಕಿಗೂ ಪಂಡಿತರಲ್ಲ, ಅದನ್ನೂ ಹೇಳಬೇಕು. ದೊಡ್ಡ ಹಕ್ಕಿಗಳೆಲ್ಲ ಅವರಿಗೆ ಬಾಯಿಪಾಠ. ಬಣ್ಣದ ಕೊಕ್ಕರೆ, ಚಮಚ ಕೊಕ್ಕು, ಬೂದು ಬಕ, ನೀರಲ್ಲಿ ನಿಂತ ಒಣಮರದ ಮೇಲೆ ಮೀನು ಹಿಡಿದು ಕೂತ ಆಸ್‌ಪ್ರೇ, ಎಲ್ಲ ಎಷ್ಟೇ ದೂರದಿಂದಲೂ ಗುರುತಿಸುತ್ತಾರೆ. ಕೆಸರಿನಲ್ಲಿ ಓಡಾಡುವ ಸಣ್ಣವೆಲ್ಲ ಅವರಿಗೆ "ಸ್ಯಾಂಡ್‌ಪೈಪರ್". ಕಡಲಕ್ಕಿಗಳೆಲ್ಲ "ಸೀಗಲ್". ಅಲ್ಲಿ ನಿಮ್ಮ ಪುಸ್ತಕ ಅಥವಾ ಫೋನೇ ಗತಿ. ನಾನು ಗುರುತಿಟ್ಟುಕೊಳ್ಳುವ ರೀತಿ ಹೀಗೆ. ಉದ್ದ ನೇರ ಕೊಕ್ಕು, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಬಾಲದ ತುದಿ ಕಪ್ಪು, ಅದು ಕಪ್ಪುಬಾಲದ ಗಾಡ್‌ವಿಟ್. ಬೆನ್ನು ಮೀನಿನ ಹುರುಪೆಯ ಹಾಗೆ, ತಲೆ ಚಿಕ್ಕದು, ಕೊಕ್ಕು ಗಿಡ್ಡ, ಅದು ರಫ್. ಕೆಂಪು ಕಾಲು ತೀರಾ ಉದ್ದವಾಗಿ, ಕಪ್ಪು ಬಿಳಿ ಮೈ ಇದ್ದರೆ ಮೆಟ್ಟುಗಾಲು ಹಕ್ಕಿ, ಅದರಲ್ಲಿ ಗೊಂದಲವೇ ಇಲ್ಲ.

ಕಡಲಕ್ಕಿಗಳು ನಿಜವಾದ ತಲೆನೋವು. ಕಂದುತಲೆ, ಕಪ್ಪುತಲೆ ಅಂತ ಎರಡು ಜಾತಿ, ಆದರೆ ಚಳಿಗಾಲದಲ್ಲಿ ಎರಡಕ್ಕೂ ತಲೆ ಬಿಳಿಯೇ, ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆ. ತಲೆಯನ್ನು ಬಿಟ್ಟು ರೆಕ್ಕೆ ನೋಡಿ. ರೆಕ್ಕೆಯ ಹೊರಭಾಗದ ಮುಂದಿನ ಅಂಚು ಉದ್ದಕ್ಕೂ ಬಿಳಿ ಇದ್ದರೆ ಕಪ್ಪುತಲೆ. ತುದಿ ದಟ್ಟ ಕಪ್ಪಾಗಿದ್ದು ಅದರೊಳಗೆ ಬಿಳಿ ಕಿಟಕಿ ಇದ್ದರೆ ಕಂದುತಲೆ. ಬೆಳೆದ ಕಂದುತಲೆಗೆ ಕಣ್ಣು ಬಿಳಿಚು, ಇನ್ನೊಂದಕ್ಕೆ ಕಣ್ಣು ಕಪ್ಪು. ಅಂಬಿಗರು ಇವಕ್ಕೆ ಕುರುಕಲು ಎರಚಿ ದೋಣಿ ಸುತ್ತ ಕರೆಯುತ್ತಾರೆ. ಫೋಟೋ ಚೆಂದ ಬರುತ್ತದೆ. ನನಗೆ ಇಷ್ಟವಿಲ್ಲ. ಬೇಡ ಅಂತ ಮೊದಲೇ ಹೇಳಿದರೆ ಕಾಕಾ ಬೇಸರ ಮಾಡಿಕೊಳ್ಳುವುದಿಲ್ಲ.

ಪಟ್ಟೆತಲೆ ಹೆಬ್ಬಾತಿಗಾಗಿಯೇ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋಗಿ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಗುರುತು ಸುಲಭ. ಲಡಾಖ್, ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ರಾತ್ರಿ ಹೊಲಕ್ಕೆ ಇಳಿದು ಮೇಯುತ್ತವೆ, ಹಗಲು ನೀರ ಅಂಚಿನಲ್ಲಿ ವಿಶ್ರಾಂತಿ. ಆದರೆ ಬರೀ ಹೆಬ್ಬಾತು ನೋಡಬೇಕು ಅಂದರೆ ನಾನು ಭಿಗವಣ ಹೇಳುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಏರಿಯ ಮೇಲೆ ನಿಂತರೆ ದೋಣಿಯೇ ಬೇಡ, ಹಿಂಡುಹಿಂಡು ಕಾಣುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಕಡೆಯದು ಅಂತ ಹೊಗಳುತ್ತಿಲ್ಲ, ನಿಜವಾಗಿ ಅಲ್ಲಿ ಚೆನ್ನಾಗಿ ಕಾಣುತ್ತವೆ.

ಯಾವಾಗ ಹೋಗಬೇಕು ಅನ್ನುವುದನ್ನು ಕ್ಯಾಲೆಂಡರ್‌ಗಿಂತ ನೀರು ಹೇಳುತ್ತದೆ. ಮಳೆಗಾಲ ಮುಗಿದಾಗ ಉಜನಿ ತುಂಬಿರುತ್ತದೆ. ನವೆಂಬರಿನಲ್ಲಿ ಹೋದರೆ ಎಲ್ಲೆಲ್ಲೂ ನೀರು, ಕೆಸರಿನ ಬಯಲೇ ಇರುವುದಿಲ್ಲ. ರಾಜಹಂಸಕ್ಕೆ ಕಾಲು ಊರುವಷ್ಟು ಆಳವಿಲ್ಲದ ನೀರು ಬೇಕು, ಅಲ್ವಾ? ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದ ಹಾಗೆ ಕೆಸರು ಮೇಲೆ ಬರುತ್ತದೆ. ಆಗ ಹಕ್ಕಿಯೂ ಬರುತ್ತದೆ. ಒಳ್ಳೇ ಮಳೆಯಾದ ವರ್ಷ ತಡ, ಮಳೆ ಕಡಿಮೆಯಾದ ವರ್ಷ ಬೇಗ. ಸಾಧಾರಣವಾಗಿ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಬಾತುಗಳಿಗೆ, ಅಂದರೆ ಸೂಜಿಬಾಲ, ಸಲಿಕೆ ಕೊಕ್ಕು, ಬ್ರಾಹ್ಮಿಣಿ ಬಾತು ಇವಕ್ಕೆ ಡಿಸೆಂಬರ್‌ನಿಂದಲೇ ಹೋಗಬಹುದು. ಸಿಪಿಲೆಗಳು ಇವಕ್ಕಿಂತ ಮೊದಲು, ಸೆಪ್ಟೆಂಬರ್ ಹೊತ್ತಿಗೇ ದಂಡೆಯಲ್ಲಿ ಬಾಲ ಕುಣಿಸುತ್ತ ಹಾಜರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮುಳುಗಿದ್ದ ಪಳಸದೇವದ ಹಳೇ ದೇವಸ್ಥಾನ ಹೊರಗೆ ಬರುತ್ತದೆ. ಅತ್ತೆಗೆ ಅದನ್ನು ನೋಡುವ ಆಸೆ.

ಏಪ್ರಿಲ್‌ನಲ್ಲಿ ಹೋಗುವವರಿಗೆ ಒಂದು ಮಾತು. ನೀರಿನಿಂದ ಎದ್ದ ಬೋಳು ದಿಬ್ಬಗಳ ಮೇಲೆ ನದಿ ರೀವ (ರಿವರ್ ಟರ್ನ್), ಸಣ್ಣ ಪ್ರಾಟಿನ್‌ಕೋಲ್ ಹಕ್ಕಿಗಳು ಮೊಟ್ಟೆ ಇಡುವ ಕಾಲ ಅದು. ಗೂಡು ಅಂತ ಏನೂ ಇಲ್ಲ, ಬರೀ ನೆಲದ ಮೇಲೆ ಮೊಟ್ಟೆ. ಮಣ್ಣಿನ ಬಣ್ಣವೇ. ಕೆಲವು ಅಂಬಿಗರು "ಇಳಿದು ಫೋಟೋ ತಗೊಳ್ಳಿ" ಅಂತಾರೆ. ಇಳಿಯಬೇಡಿ. ನೀವು ನಿಂತ ಅಷ್ಟು ಹೊತ್ತು ತಾಯಿ ಮೇಲೆ ಕಿರುಚುತ್ತಿರುತ್ತದೆ, ಕೆಳಗೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.

ಇನ್ನು ಸುರಕ್ಷತೆ. ಇಲ್ಲಿ ನಾನು ಸುಮ್ನೆ ಬಿಡುವವಳಲ್ಲ. 2024ರ ಮೇ ತಿಂಗಳಲ್ಲಿ ಇದೇ ಉಜನಿ ಹಿನ್ನೀರಿನಲ್ಲಿ ಕಳಾಶಿ ಮತ್ತು ಕುಗಾಂವ್ ನಡುವೆ ಪ್ರಯಾಣಿಕರ ದೋಣಿ ಗಾಳಿಗೆ ಮಗುಚಿ ಆರು ಜನ ತೀರಿಕೊಂಡರು. ಅದು ಹಕ್ಕಿ ದೋಣಿಯಲ್ಲ, ಆದರೆ ನೀರು ಅದೇ. ಲೈಫ್ ಜಾಕೆಟ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಅದು ದೋಣಿಯ ಹಲಗೆ ಕೆಳಗೆ ಒದ್ದೆಯಾಗಿ ಬಿದ್ದಿರುತ್ತದೆ. ಹತ್ತುವ ಮೊದಲು ಹಾಕಿಕೊಂಡು ಬಕಲ್ ಸಿಗುತ್ತದಾ ನೋಡಿ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಗಿನ ದೋಣಿಯೇ ಒಳ್ಳೆಯದು. ಬೆಳಕೂ ಆಗಲೇ ಚೆಂದ.

ದೋಣಿಯಲ್ಲಿ ಬೈನಾಕ್ಯುಲರ್ ಹಿಡಿಯುವುದು ದಂಡೆಯಲ್ಲಿ ಹಿಡಿದ ಹಾಗಲ್ಲ. 10 ಪಟ್ಟಿನದು ಅಲುಗಾಡಿ ತಲೆ ತಿರುಗಿಸುತ್ತದೆ. 8 ಪಟ್ಟು ದೊಡ್ಡದಾಗಿ ತೋರಿಸುವ 8x42 ಸಾಕು. ದೋಣಿ ಮುಗಿದ ಮೇಲೆ ದಂಡೆಯಲ್ಲಿ ಒಂದು ಗಂಟೆ ನಿಲ್ಲಿ. ಸಣ್ಣ ಕೆಸರುಹಕ್ಕಿಗಳನ್ನು ಗುರುತಿಸುವುದು ಅಲ್ಲಿಂದಲೇ ಸುಲಭ, ಕೈ ನಡುಗುವುದಿಲ್ಲ, ಗಡಿಬಿಡಿ ಇಲ್ಲ. ಅದಕ್ಕೆ ದುಡ್ಡೂ ಇಲ್ಲ.

ದರ ಹೇಳಲೇಬೇಕಲ್ಲ. ನಾವು ಇಡೀ ದೋಣಿಗೆ 1,500 ರೂಪಾಯಿ ಕೊಟ್ಟೆವು, ಎರಡು ತಾಸಿನ ಮೇಲೆಯೇ ಸುತ್ತಿದೆವು. ನಾಲ್ಕು ಜನ ಹಂಚಿಕೊಂಡರೆ ಭಾರವಲ್ಲ. ಒಬ್ಬರೇ ಹೋದರೆ ಜಾಸ್ತಿ ಅನಿಸುತ್ತದೆ. ರಜೆಯ ವಾರಾಂತ್ಯದಲ್ಲಿ, ಅದರಲ್ಲೂ ಜನವರಿ 26ರ ಸುತ್ತ, ಒಂದೇ ಹಿಂಡಿನ ಸುತ್ತ ಹಲವು ದೋಣಿಗಳು ನೆರೆಯುತ್ತವೆ. ಕಾಕಾ ಒಬ್ಬರೇ ತಾಳ್ಮೆಯಿಂದ ಇದ್ದು ಏನು ಪ್ರಯೋಜನ, ಪಕ್ಕದ ದೋಣಿಯವನು ಹಾರಿಸಿಯೇ ಬಿಡುತ್ತಾನೆ. ವಾರದ ನಡುವೆ ರಜೆ ಹಾಕಿ ಹೋಗಿ.

ಉಳಿಯುವ ಕೋಣೆ ಸಾದಾ. ಹಾಸಿಗೆ ಶುಭ್ರ, ಶೌಚಾಲಯ ಸುಮಾರು, ಬಿಸಿನೀರು ಕೇಳಿದರೆ ಬಕೆಟ್‌ನಲ್ಲಿ ಬರುತ್ತದೆ. ಊಟಕ್ಕೆ ಮಾತ್ರ ಪೂರ್ತಿ ಅಂಕ. ಜೋಳದ ಭಾಕರಿ, ಪಿಠಲಾ, ಠೇಚಾ. ಭಾಕರಿ ನಮ್ಮ ರೊಟ್ಟಿಗಿಂತ ಸ್ವಲ್ಪ ದಪ್ಪ ಅಂತ ಅತ್ತೆ ತಕರಾರು ತೆಗೆದರು, ಎರಡನೆಯದನ್ನೂ ಹಾಕಿಸಿಕೊಂಡರು. ಮೀನು ತಿನ್ನುವವರಿಗೆ ಅದೇ ಹಿನ್ನೀರಿನ ಚಿಲಾಪಿ, ಖಾರ ಹಚ್ಚಿ ಹುರಿದದ್ದು. ಮುಳ್ಳು ಇದೆ, ಮಕ್ಕಳಿಗೆ ನೋಡಿ ಕೊಡಿ.

ಬುಕ್ ಮಾಡುವಾಗ ಫೋನಿನಲ್ಲಿ "ಫ್ಲಾಯಿಂಗ್ ಶಾಟ್ ಸಿಗುತ್ತದಾ?" ಅಂತ ಕೇಳಿ ನೋಡಿ. "ಗ್ಯಾರಂಟಿ" ಅಂದರೆ ಬೇರೆ ನಂಬರ್ ಹುಡುಕಿ. "ಅದು ಹಕ್ಕಿಯ ಇಷ್ಟ" ಅಂತ ಅಂದವರ ದೋಣಿಗೆ ಮುಂಗಡ ಕೊಡಿ.