ಬ್ಯಾಳಿ ಚೆಲ್ಲದ ಕಾರು: ಹಳೇ ಸ್ವಿಫ್ಟ್‌ಗೆ ಹೊಸ ಶಾಕಪ್ಸರ್ ಹಾಕಿಸಿ ಎರಡು ವರ್ಷ

ನನ್ನ ಸ್ವಿಫ್ಟ್‌ನ ಸಸ್ಪೆನ್ಶನ್, ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್, ಶಾಕಪ್ಸರ್ ಎಲ್ಲ, ಹೇಗಿದೆ ಅಂತ ಅಳೆಯಲು ನನ್ನ ಹತ್ತಿರ ಇರುವ ಸಾಧನ ಒಂದೇ, ಊಟದ ಡಬ್ಬಿ. ಸ್ಟೀಲಿನದು, ಎರಡು ಅಂತಸ್ತು. ಕೆಳಗೆ ಬದನೆಕಾಯಿ ಪಲ್ಯ, ಮೇಲೆ ತೊಗರಿ ಬ್ಯಾಳಿ. ರೊಟ್ಟಿ ಬೇರೆ ಬಟ್ಟೆಯಲ್ಲಿ. ಬೆಳಿಗ್ಗೆ ಕಲಬುರಗಿಯಿಂದ ಹೊರಟು ಸೇಡಂನ ಕಾಲೇಜು ಮುಟ್ಟುವಷ್ಟರಲ್ಲಿ ಡಬ್ಬಿಗೆ ಸುತ್ತಿದ ಬಟ್ಟೆ ಒಣಗಿಯೇ ಇದ್ದರೆ ಗಾಡಿ ಆರೋಗ್ಯವಾಗಿದೆ. ಹಳದಿ ಆಗಿದ್ದರೆ ಕೆಳಗೆ ಏನೋ ಕೆಟ್ಟಿದೆ. 2023ರಲ್ಲಿ ಆ ಬಟ್ಟೆ ದಿನಾ ಹಳದಿ ಆಗುತ್ತಿತ್ತು.

ಕಾರು 2008ರ ಪೆಟ್ರೋಲ್, ಕೆಎ-32. ಆಗ ಓಡಿದ್ದು 1.36 ಲಕ್ಷ ಕಿ.ಮೀ. ಹದಿನೈದು ವರ್ಷ ತುಂಬಿ, ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಣ ಆಗಿತ್ತು. ಹೊಸ ಕಾರಿಗೆ ದುಡ್ಡಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಖರೆ ಹೇಳಬೇಕೆಂದರೆ ಈ ಗಾಡಿಯ ಸ್ಟೀರಿಂಗ್ ಬಿಡಲು ಮನಸ್ಸಿರಲಿಲ್ಲ. ವಾರಕ್ಕೆ ಮೂರು ದಿನ ನಾನು ಕಾರು ತೆಗೆಯುತ್ತೇನೆ, ಉಳಿದ ದಿನ ಗಣಿತದ ಸರ್. ಒಂದು ಗಾಡಿಯಲ್ಲಿ ನಾಲ್ಕು ಜನ. ಒಂದು ಕಡೆಗೆ ಐವತ್ತು ಕಿಲೋಮೀಟರಿಗೂ ಜಾಸ್ತಿ, ಅಕ್ಕಪಕ್ಕ ಸಿಮೆಂಟ್ ಲಾರಿಗಳು.

ನಮ್ಮ ಕಡೆ ರಸ್ತೆ ಅಂದರೆ ಹೊರಗಿನವರು ಗುಂಡಿ ಅಂದುಕೊಳ್ಳುತ್ತಾರೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ಕಾಣದೇ ಇರುವುದು ಅಲೆ. ಕೆಳಗಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲಿನ ಡಾಂಬರು ಎಷ್ಟೇ ನುಣುಪಿದ್ದರೂ ನಾಲ್ಕು ಮಳೆಗಾಲದಲ್ಲಿ ಹಾಸಿದ ಕೌದಿ ಥರ ಏರಿಳಿತ ಬರುತ್ತದೆ. ಎಂಬತ್ತರಲ್ಲಿ ಹೋದರೆ ಹಳೇ ಗಾಡಿ ಒಂದು ಅಲೆ ಹತ್ತಿ ಇಳಿಯುವ ಮೊದಲೇ ಇನ್ನೊಂದು ಬಂದಿರುತ್ತದೆ. ಮೂತಿ ಮೇಲೆ, ಬಾಲ ಕೆಳಗೆ. ಸ್ಟೀರಿಂಗ್ ಒಂದು ಗಳಿಗೆ ಹಗುರ, ಮರುಗಳಿಗೆ ಭಾರ. ಪಕ್ಕದಲ್ಲಿ ಲಾರಿ ಇದ್ದಾಗ ಅದು ಒಳ್ಳೆಯ ಅನುಭವ ಅಲ್ಲ.

ಆಗ ನಾನು ಮಾಡಿದ್ದು ಶುದ್ಧ ದಡ್ಡತನ. ರಾತ್ರಿ ಮೊಬೈಲ್ ಹಿಡಿದು ಕೂತು, ಗಾಡಿ ತೇಲುತ್ತದೆ ಅಂದರೆ ಸ್ಪ್ರಿಂಗ್ ಮೆತ್ತಗಾಗಿದೆ ಅಂತ ನಾನೇ ತೀರ್ಮಾನ ಮಾಡಿದೆ. ಗಾಡಿಯನ್ನು 35 ಮಿಲಿಮೀಟರ್ ಕೆಳಗಿಳಿಸುವ, ಕೆಂಪು ಬಣ್ಣದ, ಬಿರುಸಾದ ಸ್ಪ್ರಿಂಗ್ ಸೆಟ್ ತರಿಸಿದೆ. 14,500 ರೂಪಾಯಿ. ಹಾಕುವ ಕೂಲಿ ಎರಡು ಸಾವಿರ. ಶಾಕಪ್ಸರ್ ಹಳೆಯವೇ ಇರಲಿ ಅಂದೆ. ಹಾಕಿದ ಗ್ಯಾರೇಜಿನವರೂ ಬೇಡ ಅನ್ನಲಿಲ್ಲ. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ.

ಮೊದಲ ವಾರ ಖುಷಿಯೋ ಖುಷಿ. ರಿಂಗ್ ರೋಡಿನ ತಿರುವಿನಲ್ಲಿ ಗಾಡಿ ವಾಲುವುದೇ ಇಲ್ಲ. ನಿಂತಾಗ ನೋಡಲೂ ಚಂದ. ಪಕ್ಕದ ಮನೆಯ ಹುಡುಗ ಫೋಟೋ ತೆಗೆದುಕೊಂಡ. ಎರಡನೇ ವಾರ ನಾಲ್ಕೂ ಜನ ತುಂಬಿ ಸೇಡಂಗೆ ಹೊರಟಾಗ ಬಣ್ಣ ಬಯಲಾಯಿತು. ಈ ಕಾರಿಗೆ ನೆಲದಿಂದ ಇರುವ ಎತ್ತರವೇ 170 ಮಿಲಿಮೀಟರ್. ಅದರಲ್ಲಿ 35 ಹೋಯಿತು, ಜನರ ಭಾರಕ್ಕೆ ಇನ್ನಷ್ಟು ಹೋಯಿತು. ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಊರು. ಅಮೋಘವರ್ಷನ ಆ ಊರಿನಲ್ಲಿ ರಸ್ತೆಯ ಪ್ರತಿ ಹಂಪ್‌ಗೂ ನನ್ನ ಸೈಲೆನ್ಸರ್ ನೆಲ ಮುಟ್ಟಿ ನಮಸ್ಕಾರ ಮಾಡುತ್ತಿತ್ತು. ಜೊತೆಗಿದ್ದ ಮೂವರು ಹಂಪ್ ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದರು, ಅದರಿಂದ ಭಾರ ಕಡಿಮೆ ಆಗುತ್ತದೋ ಎಂಬಂತೆ.

ಅಲೆಗಳ ಮೇಲೆ ಇನ್ನೂ ಕೆಟ್ಟದಾಯಿತು. ಮೊದಲು ತೇಲುತ್ತಿದ್ದ ಗಾಡಿ ಈಗ ಪುಟಿಯತೊಡಗಿತು. ಪ್ರತಿ ಏರಿಳಿತಕ್ಕೆ ಒಳಗೆಲ್ಲೋ ಧಡ್ ಅಂತ ಒಂದು ಗುದ್ದು. ಬ್ಯಾಳಿ ಚೆಲ್ಲುವುದಲ್ಲ, ಡಬ್ಬಿಯೇ ಸೀಟಿನಿಂದ ಕೆಳಗೆ ಉರುಳುತ್ತಿತ್ತು. ಅವ್ವನನ್ನು ಹುಣ್ಣಿಮೆಗೆ ಗಾಣಗಾಪುರಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬಾಗಿಲ ಹಿಡಿಕೆ ಬಿಡಲಿಲ್ಲ. ಇಳಿದ ಮೇಲೆ ಸೊಂಟ ಹಿಡಿದುಕೊಂಡು, "ಯವ್ವಾ, ನಮ್ಮಪ್ಪನ ಎತ್ತಿನ ಬಂಡ್ಯಾಗ ಇದಕ್ಕಿಂತ ಆರಾಮ ಇತ್ತು ನೋಡು" ಅಂದಳು. ಅವಳು ಬಂಡಿಯಲ್ಲಿ ಓಡಾಡಿದವಳೇ, ಹಾಗಾಗಿ ನಾನು ವಾದ ಮಾಡಲಿಲ್ಲ.

ಇಷ್ಟರ ನಡುವೆ ರಾಜ್ಯಶಾಸ್ತ್ರದ ಸರ್ ಇನ್ನೊಂದು ಹುಳ ಬಿಟ್ಟರು. ಕಂಪನಿ ಮಾಡಿಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಾಟು ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮುಂದಿನ ಸಲ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸುವಾಗ ನೆನಪಿರಲಿ ಅಂತ. ನೆನಪಿರಲಿ ಅಂದರೆ ನಿದ್ದೆ ಬರುತ್ತದಾ?

ಏಳು ತಿಂಗಳು ಮೊಂಡುತನದಲ್ಲಿ ತಳ್ಳಿದೆ. ಹದಿನಾರೂವರೆ ಸಾವಿರ ಹಾಕಿದ್ದೇನಲ್ಲ, ಅದಕ್ಕೆ. 2024ರ ಮಾರ್ಚ್‌ನಲ್ಲಿ ಟೈರ್ ಬದಲಿಸಲು ಹೋದಾಗ ಅಂಗಡಿಯವನು ಹಳೇ ಟೈರಿನ ಮೇಲೆ ಅಂಗೈ ಆಡಿಸಲು ಹೇಳಿದ. ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು. ಬಟ್ಟಲು ಬಟ್ಟಲಾಗಿ ಸವೆದಿತ್ತು. "ಚಕ್ರ ರೋಡ್ ಬಿಟ್ಟು ಜಿಗಿಯಾಕತ್ತಾದ್ರಿ ಮೇಡಂ, ಅದಕ್ಕ ಹಿಂಗ ತಿಂದದ" ಅಂದ. ಹುಮನಾಬಾದ್ ರಿಂಗ್ ರೋಡ್ ಕಡೆ ಒಬ್ಬ ಉಸ್ತಾದ್ ಇದ್ದಾನೆ, ಅವನಿಗೆ ತೋರಿಸಿ ಅಂತ ಕಳಿಸಿದ.

ಉಸ್ತಾದ್ ಗಾಡಿ ಎತ್ತಲೂ ಇಲ್ಲ. ಬಾನೆಟ್ ಮೂಲೆಗೆ ಎರಡೂ ಕೈ ಊರಿ ಗಟ್ಟಿಯಾಗಿ ಒತ್ತಿ ಬಿಟ್ಟ. ಗಾಡಿ ಎದ್ದಿತು, ಕೂತಿತು, ಮತ್ತೆ ಎದ್ದಿತು, ಮತ್ತೆ ಕೂತಿತು, ಇನ್ನೊಮ್ಮೆ ತಲೆ ಆಡಿಸಿತು. "ಒಂದ್ಸಲ ಎದ್ದು ಕೂಡಬೇಕ್ರಿ, ಮುಗೀತು. ಇದು ಕುಣಿಯಾಕತ್ತಾದ. ಸ್ಪ್ರಿಂಗ್ ಭಾರ ಹೊರ್ತದ, ಕುಣಿತ ನಿಲ್ಲಸೋದು ಶಾಕಪ್ಸರ್. ಸತ್ತ ಶಾಕಪ್ಸರ್ ಮ್ಯಾಲ ಬಿರುಸು ಸ್ಪ್ರಿಂಗ್ ಹಾಕಿದ್ರ, ಕುಣಿಯೋರ ಮುಂದ ಹಲಗಿ ಬಡದಂಗ." ಆಮೇಲೆ ಬಗ್ಗಿ ನನಗೆ ತೋರಿಸಿದ. ಮುಂದಿನ ಎರಡೂ ಶಾಕಪ್ಸರ್ ಮೈಮೇಲೆ ಎಣ್ಣೆ ಇಳಿದು, ಅದಕ್ಕೆ ಧೂಳು ಅಂಟಿ, ಕರಿ ಕಂಬಳಿ ಹೊದ್ದಂತೆ ಕಾಣುತ್ತಿತ್ತು. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಲೋವರ್ ಆರ್ಮಿನ ಬುಷ್‌ನಲ್ಲಿ, ಅಂದರೆ ಅದರ ಕೀಲಿನ ಬಳೆಯಲ್ಲಿ, ರಬ್ಬರ್ ಸೀಳಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅದು ಹಲ್ಲಿಲ್ಲದ ಬಾಯಿ ಥರ ತೆರೆದುಕೊಂಡಿತು. ಇದನ್ನೆಲ್ಲ ಬಿಟ್ಟು ನಾನು ಕೆಂಪು ಬಣ್ಣಕ್ಕೆ ದುಡ್ಡು ಕೊಟ್ಟಿದ್ದೆ.

ಪುಣ್ಯಕ್ಕೆ ಹಳೇ ಸ್ಪ್ರಿಂಗ್ ಗುಜರಿಗೆ ಹಾಕಿರಲಿಲ್ಲ. ಅಟ್ಟದ ಮೇಲಿದ್ದವು. ಅಳೆದು ನೋಡಿ, ಇವಕ್ಕೇನೂ ಆಗಿಲ್ಲ ಅಂದ. ನಾನು ಅಷ್ಟೊತ್ತಿಗೆ ಓದಿಕೊಂಡಿದ್ದನ್ನೆಲ್ಲ ಅವನ ಮುಂದೆ ಸುರಿದೆ. ಸ್ಪ್ರಿಂಗ್, ಶಾಕಪ್ಸರ್ ಒಂದೇ ಸೆಟ್ಟಾಗಿ ಬರುವ, ಎತ್ತರ ಹೊಂದಿಸುವ ಕಾಯ್ಲೋವರ್? "ನಿಮಗ ರೇಸ್ ಅದ ಏನ್ರೀ?" ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್? ಬಾಳಿಕೆ ಜಾಸ್ತಿ, ಆದರೆ ರಸ್ತೆಯ ನಡುಕವೆಲ್ಲ ಒಳಗೆ ಬರುತ್ತದೆ, ಕಿರುಗುಡುತ್ತದೆ. ಸ್ಪ್ರಿಂಗ್ ಸುತ್ತಿನ ನಡುವೆ ಸಿಗಿಸುವ ರಬ್ಬರ್ ಬಫರ್? ಅದು ಸಿಕ್ಕಿಸಿದ ಕಡೆ ಸ್ಪ್ರಿಂಗ್ ಆಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಭಾರ ಬೀಳುತ್ತದೆ. ಕೊನೆಗೆ ಉಳಿದದ್ದು ಕಂಪನಿ ಅಳತೆಯ ಸ್ಪ್ರಿಂಗ್, ಗ್ಯಾಸ್ ತುಂಬಿದ ಶಾಕಪ್ಸರ್, ಮತ್ತು ಕೆಳಗಿರುವ ರಬ್ಬರೆಲ್ಲ ಹೊಸದು.

ಗ್ಯಾಸ್ ಯಾಕೆ ಅಂದರೆ, ಶಾಕಪ್ಸರ್ ಒಳಗಿನ ಎಣ್ಣೆ ಸತತ ಅಲೆಗಳಲ್ಲಿ ಕಡೆದ ಮಜ್ಜಿಗೆ ಥರ ನೊರೆ ಬರುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ನೈಟ್ರೋಜನ್ ಒತ್ತಡದಲ್ಲಿದ್ದರೆ ನೊರೆ ಕಡಿಮೆ. ಮೇ ತಿಂಗಳ ನಮ್ಮ 42 ಡಿಗ್ರಿಯಲ್ಲಿ ಐವತ್ತು ಕಿಲೋಮೀಟರ್ ಒಂದೇ ಸಮ ಅಲೆ ತಿನ್ನುವ ಗಾಡಿಗೆ ಇದು ಶೋಕಿ ಅಲ್ಲ.

ಖರ್ಚು: ಮುಂದಿನ ಶಾಕಪ್ಸರ್ ಜೋಡಿ 5,600, ಹಿಂದಿನ ಜೋಡಿ 3,200, ಲೋವರ್ ಆರ್ಮ್ ಎರಡು 3,000, ಸ್ಟ್ರಟ್ ಮೌಂಟ್ ಮತ್ತು ಬೇರಿಂಗ್ 1,800, ಲಿಂಕ್ ರಾಡ್ 900, ಹಿಂದಿನ ಬೀಮ್ ಬುಷ್ 1,100, ಕೂಲಿ 3,500, ಅಲೈನ್‌ಮೆಂಟ್ 450. ಒಟ್ಟು 19,550. ಕೆಂಪು ಸ್ಪ್ರಿಂಗನ್ನು ಒಬ್ಬ ಹುಡುಗ ಐದು ಸಾವಿರಕ್ಕೆ ಒಯ್ದ. ಅವನಿಗೂ ಎಲ್ಲ ಹೇಳಿದೆ, ಕೇಳಲಿಲ್ಲ.

ಹೊರಟ ಮೊದಲ ದಿನ ಏನೂ ವಿಶೇಷ ಅನ್ನಿಸಲಿಲ್ಲ. ಅದೇ ವಿಶೇಷ. ವಿಮಾನ ನಿಲ್ದಾಣ ದಾಟಿದ ಮೇಲೆ ಅಲೆ ಶುರುವಾಗುವ ಜಾಗದಲ್ಲಿ ನಾನು ಅಭ್ಯಾಸಬಲದಿಂದ ಸ್ಟೀರಿಂಗ್ ಬಿಗಿ ಹಿಡಿದೆ. ಗಾಡಿ ಹತ್ತಿತು, ಇಳಿಯಿತು, ಸುಮ್ನೆ ಕೂತಿತು. ಇನ್ನೊಂದು ಅಲೆ. ಮತ್ತೆ ಅದೇ. ಹಿಂದಿನ ಸೀಟಿನಲ್ಲಿ ಯಾರೋ ನಿದ್ದೆ ಹೋಗಿದ್ದರು. ಕಾಗಿಣಾ ಸೇತುವೆ ದಾಟಿದ್ದು ಗೊತ್ತೇ ಆಗಲಿಲ್ಲ. ಕಾಲೇಜಿನಲ್ಲಿ ಡಬ್ಬಿ ಬಿಚ್ಚಿದಾಗ ಬಟ್ಟೆ ಒಣಗಿಯೇ ಇತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ಎತ್ತಿ ತೋರಿಸಿದೆ. ಗಣಿತದ ಸರ್ ಒಬ್ಬರೇ ಅರ್ಥ ಮಾಡಿಕೊಂಡು ನಕ್ಕರು.

ಇಲ್ಲಿಗೆ ನಿಲ್ಲಿಸಿದರೆ ಸುಳ್ಳಾಗುತ್ತದೆ. ಐದನೇ ತಿಂಗಳಿಗೆ ಎಡ ಮುಂದಿನಿಂದ ಶಬ್ದ ಶುರುವಾಯಿತು. ಹಂಪ್ ಇಳಿಯುವಾಗ ಟಕ್. ರಿವರ್ಸ್ ತೆಗೆದು ಬ್ರೇಕ್ ಒತ್ತಿದರೆ ಟಕ್. ಜೋರೇನಲ್ಲ, ಆದರೆ ಒಮ್ಮೆ ಕಿವಿಗೆ ಬಿದ್ದರೆ ಬೇರೇನೂ ಕೇಳುವುದಿಲ್ಲ. ರೇಡಿಯೋ ಹಾಕಿದರೂ ಅದರ ತಾಳದ ನಡುವೆ ಟಕ್. ಒಂದಿಡೀ ತಿಂಗಳು ನನ್ನ ಜೀವನ ಆ ಶಬ್ದದ ಸುತ್ತ ತಿರುಗಿತು. ಡ್ಯಾಶ್‌ಬೋರ್ಡ್ ಖಾಲಿ ಮಾಡಿದೆ, ಜಾಕ್ ತೆಗೆದು ಮನೆಯಲ್ಲಿಟ್ಟೆ, ಸ್ಟೆಪ್ನಿ ಬಿಗಿ ಮಾಡಿಸಿದೆ. ಹೋಗಲಿಲ್ಲ. ಉಸ್ತಾದ್‌ನ ಮೇಲೂ ಸಿಟ್ಟು ಬಂತು. ಹತ್ತೊಂಬತ್ತೂವರೆ ಸಾವಿರಕ್ಕೆ ಇದಾ?

ಹೋಗಿ ಕೇಳಿದರೆ ಲೋವರ್ ಆರ್ಮ್ ಬುಷ್ ಮತ್ತೆ ಸೀಳಿತ್ತು. ಐದೇ ತಿಂಗಳಿಗೆ! ಉಸ್ತಾದ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಹುಡುಗನನ್ನು ಕರೆದು ಕೇಳಿದ: "ಬೋಲ್ಟ್ ಎಲ್ಲಿ ಬಿಗದಿದ್ದಿ?" ಗಾಡಿ ಎತ್ತಿದಾಗಲೇ ಬಿಗಿದಿದ್ದೆ ಅಂದ ಹುಡುಗ. ತಪ್ಪು ಅಲ್ಲೇ ಇತ್ತು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಆರ್ಮ್ ಕೆಳಗೆ ಬಾಗಿರುತ್ತದೆ. ಆಗ ಬೋಲ್ಟ್ ಬಿಗಿದರೆ ರಬ್ಬರ್ ಆ ಬಾಗಿದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ತಿರುಚಿಕೊಳ್ಳುತ್ತದೆ, ನಿಂತಾಗಲೂ, ರಾತ್ರಿಯಿಡೀ ತಿರುಚಿಕೊಂಡೇ ಇರುತ್ತದೆ. ಹರಿಯದೆ ಏನು ಮಾಡೀತು? ಬೋಲ್ಟ್ ಸಡಿಲ ಕೂಡಿಸಿ, ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಉಸ್ತಾದ್ ಬುಷ್ ತಾನೇ ತರಿಸಿ ಹಾಕಿದ, ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗನಿಗೆ ಬೈಯಲೂ ಇಲ್ಲ. ಅವನನ್ನೇ ಗಾಡಿ ಕೆಳಗೆ ಮಲಗಿಸಿ ಬಿಗಿಸಿದ. ನನಗೆ ಚಹಾ ತರಿಸಿದ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಂದಿನಿಂದ ಆ ಟಕ್ ಇಲ್ಲ.

ಹೊಸ ಶಾಕಪ್ಸರ್ ಹಾಕಿಸಿದ ಮೇಲೆ ಈಗ 30 ಸಾವಿರ ಕಿ.ಮೀ. ಆಗಿದೆ. ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ನನ್ನದೊಂದು ಪೂಜೆ ಇದೆ. ಅಂಗಳದ ಶಹಾಬಾದ್ ಪರಸಿ ಇನ್ನೂ ತಣ್ಣಗಿರುವಾಗಲೇ, ಗಾಡಿ ಚಾಲೂ ಮಾಡುವ ಮುಂಚೆ, ನನ್ನದೇ ಗೇಜ್‌ನಿಂದ ನಾಲ್ಕೂ ಟೈರಿನ ಗಾಳಿ ನೋಡುತ್ತೇನೆ. ಓಡಿ ಬಿಸಿಯಾದ ಮೇಲೆ ನೋಡಿದರೆ ಗೇಜ್ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ. ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟೇ ಇಡುತ್ತೇನೆ. ಎರಡು ಪಿಎಸ್‌ಐ ಹೆಚ್ಚುಕಮ್ಮಿ ಆದರೂ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಬೇಡ ಬಿಡಿ. ಗಾಳಿ ನೋಡಿದ ಮೇಲೆ ಬಾನೆಟ್ ಮೂಲೆ ಒಮ್ಮೆ ಒತ್ತಿ ಬಿಡುತ್ತೇನೆ. ಎದ್ದು ಕೂರುತ್ತದೆ. ಅವ್ವ ಕಿಟಕಿಯಿಂದ ನೋಡಿ, ಎಮ್ಮೆ ಚಪ್ಪರಿಸಿದಂಗ ಮಾಡ್ತಾಳ ಅಂತ ನಗುತ್ತಾಳೆ.

ಕೊರತೆ ಇಲ್ಲ ಅಂತಲ್ಲ. ಒಬ್ಬಳೇ ಹೋಗುವಾಗ, ಊರೊಳಗೆ ನಿಧಾನಕ್ಕೆ, ಸಣ್ಣ ಸಣ್ಣ ಕಿತ್ತ ಡಾಂಬರಿನ ಮೇಲೆ ಹಿಂಭಾಗ ಕಟಕಟ ಅನ್ನಿಸುತ್ತದೆ. ಗ್ಯಾಸ್ ಶಾಕಪ್ಸರ್ ಸ್ವಲ್ಪ ಬಿರುಸೇ. ನಾಲ್ಕು ಜನ ಕೂತರೆ ಸರಿಹೋಗುತ್ತದೆ. ನೀವು ಬರೀ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಅಂತ ಊರೊಳಗೆ ಮೂವತ್ತರಲ್ಲಿ ಓಡಾಡುವವರಾದರೆ ಎಣ್ಣೆಯ ಸಾದಾ ಶಾಕಪ್ಸರ್ ಹಾಕಿಸಿ, ದುಡ್ಡೂ ಉಳಿಯುತ್ತದೆ. ತಿರುವಿನಲ್ಲಿ ಕೆಂಪು ಸ್ಪ್ರಿಂಗ್‌ನಷ್ಟು ಚಪ್ಪಟೆಯಾಗಿ ನಿಲ್ಲುವುದಿಲ್ಲ, ಸ್ವಲ್ಪ ವಾಲುತ್ತದೆ. ಆದರೆ ಎಷ್ಟು ವಾಲುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ನನಗೆ ಅಷ್ಟು ಸಾಕು.

ಹೋದ ವಾರ ಬಲ ಮುಂದಿನ ಶಾಕಪ್ಸರ್ ಮೇಲೆ ತೆಳ್ಳಗೆ ಎಣ್ಣೆ ಕಂಡಿತು. ಹಳೇ ಬನಿಯನ್ ತುಂಡಿನಿಂದ ಒರೆಸಿ ಬಿಟ್ಟಿದ್ದೇನೆ. ಎರಡು ವಾರದಲ್ಲಿ ಮತ್ತೆ ಒದ್ದೆಯಾದರೆ ಮುಂದಿನ ಜೋಡಿ ಬದಲಿಸೋಣ, ಒಂದೇ ಬದಿಗೆ ಹಾಕಬ್ಯಾಡ್ರಿ ಅಂದಿದ್ದಾನೆ ಉಸ್ತಾದ್. ಹಾಕುವ ದಿನ ಕಾಲೇಜಿಗೆ ರಜೆ ಹಾಕಿ ಅಲ್ಲೇ ಸ್ಟೂಲ್ ಮೇಲೆ ಕೂರುತ್ತೇನೆ. ಬೋಲ್ಟ್ ಬಿಗಿಯುವಾಗ ಗಾಡಿ ನೆಲದ ಮೇಲೆ ಇರಬೇಕು.