ಚಕ್ರತೀರ್ಥದ ಹರಿಗೋಲು: ಹಂಪಿಯನ್ನು ನದಿಯಿಂದ ನೋಡಿ

ವಿರೂಪಾಕ್ಷ ಗುಡಿಯಿಂದ ರಥಬೀದಿ ಹಿಡಿದು, ಹೊಳೆ ದಂಡೆಯ ಕಲ್ಲುದಾರಿಯಲ್ಲಿ ನಡೆದರೆ ಸುಮಾರು ಒಂದು ಕಿಲೋಮೀಟರ್‌ಗೆ ಕೋದಂಡರಾಮ ದೇವಸ್ಥಾನ. ಅದರ ಮುಂದೆ ಹೊಳೆಯಲ್ಲಿರುವ ಚಕ್ರತೀರ್ಥದಲ್ಲೇ ಹರಿಗೋಲು ಸಿಗುತ್ತದೆ. ಹಂಪಿಗೆ ಬಂದವರು ಇದನ್ನು ತಪ್ಪಿಸಲೇಬಾರದು.

ಹತ್ತುವ ಮುಂಚೆ ಕೋಟಿಲಿಂಗದವರೆಗೆ ಹೋಗಬೇಕು ಎಂದು ಖಚಿತವಾಗಿ ಹೇಳಿ, ದರ ಮಾತಾಡಿಕೊಳ್ಳಿ. ಬರೀ "ಒಂದು ರೌಂಡ್" ಎಂದರೆ ಹತ್ತಿರದ ಬಂಡೆ ಸುತ್ತಿಸಿ ತಂದುಬಿಡುತ್ತಾರೆ. ಕೋಟಿಲಿಂಗದಲ್ಲಿ ಹಾಸುಬಂಡೆಯ ಮೇಲೆಯೇ 108 ಹಾಗೂ 1008 ಲಿಂಗಗಳನ್ನು ಸಾಲುಸಾಲಾಗಿ ಕೊರೆದಿದ್ದಾರೆ. ಇಳಿಬಿಸಿಲಿಗೆ ಪ್ರತಿ ಲಿಂಗದ ನೆರಳೂ ಪಾಣಿಪೀಠದ (ಲಿಂಗದ ಬುಡದ ಪೀಠ) ಗೆರೆಯ ಮೇಲೆ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಹೋದರೆ ಎಲ್ಲವೂ ಚಪ್ಪಟೆ.

ಹರಿಗೋಲೆಂದರೆ ಬಿದಿರಿನ ಹೆಣಿಗೆಗೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ದುಂಡು ಬುಟ್ಟಿ. ತಳದಲ್ಲಿ ಸ್ವಲ್ಪ ನೀರು ಜಿನುಗುವುದು ಸಹಜ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳಿ. ಅಂಚಿಗೆ ಬೆನ್ನು ಕೊಟ್ಟು ಎದುರುಬದುರು ಕೂರಬೇಕು. ಫೋಟೋಗೆಂದು ಒಬ್ಬರು ಎದ್ದು ನಿಂತರೂ ಭಾರ ಒಂದೇ ಕಡೆಗೆ ವಾಲುತ್ತದೆ. ಲೈಫ್ ಜಾಕೆಟ್ ಕೊಡದವರ ಹರಿಗೋಲು ಹತ್ತಲೇಬೇಡಿ. ಗರಗರ ತಿರುಗಿಸುವ ಆಟ ತಲೆಸುತ್ತು ಬರುವವರಿಗೆ ಒಗ್ಗದು, ಬೇಡವೆಂದು ಮೊದಲೇ ಹೇಳಿ.

ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟೆಯ ಗೇಟು ತೆರೆದಾಗ ಹೊಳೆ ದಂಡೆಯ ಪುರಂದರ ಮಂಟಪವೇ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಈ ಹೊಳೆಯಲ್ಲಿ ನೀರುನಾಯಿ, ಮೊಸಳೆ ಎರಡೂ ಇವೆ. ಕೈ ನೀರಿಗೆ ಬಿಡಬೇಡಿ, ಈಜಲಂತೂ ಇಳಿಯಲೇಬೇಡಿ.